ಕಬ್ಬು ಮಾಗಿಸುವ ಸಿಂಪಡಣೆ: ಹಣ ಹಾಕುವ ಮುನ್ನ ಯೋಚಿಸಿ



ಕಟಾವಿಗೆ ಒಂದೂವರೆ ತಿಂಗಳು ಮುಂಚೆ ಔಷಧಿ ಹೊಡೆದರೆ ಕಬ್ಬಿನಲ್ಲಿ ಸಕ್ಕರೆ ಅಂಶ ಏರುತ್ತದಂತೆ, ನಾವೂ ಹೊಡೆಯೋಣವೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಮಾತು ಸುಳ್ಳಲ್ಲ. ಆದರೆ ಅದರಿಂದ ಯಾರಿಗೆ, ಯಾವಾಗ ಲಾಭ ಎಂಬುದನ್ನು ಮೊದಲು ತಿಳಿಯಬೇಕು.

ಬೆಳೆಯುತ್ತಿರುವ ಕಬ್ಬು, ಎಲೆ ತಯಾರಿಸಿದ ಸಕ್ಕರೆಯ ಬಹುಪಾಲನ್ನು ಹೊಸ ಗಣ್ಣು, ಹೊಸ ಗರಿಗಳಿಗೆ ಖರ್ಚು ಮಾಡುತ್ತದೆ. ಎಥೆಫಾನ್, ಗ್ಲೈಫೋಸೇಟ್‌ನಂಥ ಔಷಧಿಗಳು ಸುಳಿಯ ಬೆಳವಣಿಗೆಯನ್ನು ತಡೆಯುವುದರಿಂದ ಆ ಸಕ್ಕರೆ ಜಲ್ಲೆಯಲ್ಲಿ ಉಳಿಯುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಹಿಮದ ಭಯದಿಂದ ಕಬ್ಬನ್ನು ಎಳೆಯದಿರುವಾಗಲೇ ಕಡಿಯಬೇಕು. ಆದ್ದರಿಂದ ಅಲ್ಲಿ ಕಟಾವಿನ ದಿನ ನೋಡಿಕೊಂಡು ವಿಮಾನದಿಂದ ಗ್ಲೈಫೋಸೇಟ್ ಸಿಂಪಡಿಸುತ್ತಾರೆ.

ನಮ್ಮಲ್ಲಿ ಕಟಾವಿನ ದಿನ ಕಾರ್ಖಾನೆಯ ಪರ್ಮಿಟ್ ಕೈಯಲ್ಲಿದೆ. ಸಿಂಪಡಿಸಿದ ಕಬ್ಬು ಗಡುವು ಮೀರಿ ನಿಂತರೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ಗ್ಲೈಫೋಸೇಟ್ ಮೂಲತಃ ಕಳೆನಾಶಕ. ಪ್ರಮಾಣ ತಪ್ಪಿದರೆ ಕೂಳೆ ಬೆಳೆ ಚಿಗುರದು, ಗಾಳಿಗೆ ತೇಲಿದರೆ ನೆರೆಯವರ ಬೆಳೆಗೂ ಹಾನಿ. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ದೊರೆತದ್ದು ಚಹಾ ತೋಟ ಮತ್ತು ಬೆಳೆಯಿಲ್ಲದ ಜಾಗದ ಕಳೆಗೆ, ಕಬ್ಬು ಮಾಗಿಸಲು ಅಲ್ಲ.

ಇನ್ನು ಲೆಕ್ಕ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂ. ನಿಗದಿ ಮಾಡಿತು, ಇಳುವರಿ ಶೇ. 0.1 ಏರಿದಂತೆಲ್ಲ 3.46 ರೂ. ಹೆಚ್ಚು. ಆದರೆ ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ, ನಿಮ್ಮ ಹೊಲದ್ದಲ್ಲ. ಖರ್ಚು ನಿಮ್ಮೊಬ್ಬರದು, ಲಾಭ ಎಲ್ಲರಿಗೂ ಹಂಚಿಹೋಗುತ್ತದೆ!

ಹಾಗಾದರೆ ಮಾಡಬೇಕಾದ್ದೇನು?

1. ಯೂರಿಯಾವನ್ನು ನಾಟಿಯಾದ ನಾಲ್ಕೈದು ತಿಂಗಳೊಳಗೆ ಕೊಟ್ಟು ಮುಗಿಸಿರಿ. ತಡವಾಗಿ ಕೊಟ್ಟರೆ ಕಬ್ಬು ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ಮಾಗುವುದಿಲ್ಲ.

2. ಕಟಾವಿಗೆ ಮೂರು ವಾರ ಮೊದಲು ನೀರು ನಿಲ್ಲಿಸಿರಿ. ಮರಳು ಮಿಶ್ರಿತ ಭೂಮಿಯಲ್ಲಿ ಒಮ್ಮೆಗೇ ನಿಲ್ಲಿಸದೆ ಅಂತರವನ್ನು ಹೆಚ್ಚಿಸುತ್ತ ಬನ್ನಿ.

3. ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿಯಿಂದ ಬ್ರಿಕ್ಸ್ ಪರೀಕ್ಷೆ ಮಾಡಿಸಿರಿ. ಜಲ್ಲೆಯ ತುದಿ ಮತ್ತು ಬುಡದ ಅಳತೆ ಹತ್ತಿರ ಹತ್ತಿರ ಬಂದರೆ ಕಬ್ಬು ಮಾಗಿದೆ ಎಂದರ್ಥ.

4. ನೆಲಮಟ್ಟಕ್ಕೆ ಕಡಿಯಿರಿ, ಬುಡದಲ್ಲಿಯೇ ಸಕ್ಕರೆ ಹೆಚ್ಚು. ಕಡಿದ 24 ಗಂಟೆಯೊಳಗೆ ಅರೆಯುವಂತೆ ಸಾಗಿಸಿರಿ. ತಡವಾದರೆ ತೂಕ ಒಣಗುತ್ತದೆ, ಸಕ್ಕರೆ ಒಡೆಯುತ್ತದೆ.

ಈ ನಾಲ್ಕಕ್ಕೂ ಅಂಗಡಿಯ ಡಬ್ಬಿ ಬೇಕಿಲ್ಲ. ಇವನ್ನು ಊರಿನವರೆಲ್ಲ ಸೇರಿ ಪಾಲಿಸಿದರೆ ಕಾರ್ಖಾನೆಯ ಸರಾಸರಿ ಏರುತ್ತದೆ, ಪ್ರತಿಯೊಬ್ಬರ ಬಿಲ್ಲೂ ಏರುತ್ತದೆ.