ತೂಕ ಅಷ್ಟೇ ಐತಿ, ಹೊಟ್ಟಿ ಯಾಕ ಬಂತು? ಮನೆಯಲ್ಲೇ ಬೊಜ್ಜು ಅಳೆಯೋದು ಹೀಗೆ

ಕೊಪ್ಪಳ: ‘ಐದು ವರ್ಷದಿಂದ ತೂಕ 68 ಕೆ.ಜಿ.ನ ಐತಿ, ಮತ್ತ ನನಗ್ಯಾಕ ಶುಗರ್ ಬಂತು?’ ಗಂಗಾವತಿಯ ಅಡತ್ ಅಂಗಡಿಯಿಂದ ಕುಷ್ಟಗಿ, ಯಲಬುರ್ಗಾದ ಕಿರಾಣಿ ಅಂಗಡಿವರೆಗೆ ದಿನವಿಡೀ ಗಲ್ಲಾ ಮುಂದೆ ಕೂರುವವರಿಗೆ ಇಂಥ ಮಾತು ಹೊಸದಲ್ಲ.

ಇದಕ್ಕೆ ಉತ್ತರ ತೂಕದ ಕಾಟಾದಲ್ಲಿ ಸಿಗಲ್ಲ. ಓಡಾಟ ಕಡಿಮೆಯಾದಾಗ ಕೈಕಾಲಿನ ಸ್ನಾಯು ಕರಗುತ್ತದೆ, ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿದರೆ ಅಂಕಿ ಅಲ್ಲೇ ನಿಲ್ಲುತ್ತದೆ. ನಮ್ಮ ದೇಶದವರಲ್ಲಿ ಇದು ಜಾಸ್ತಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2.

ಮನೆಯಲ್ಲಿ ಅಳೆಯಲು ಟೇಲರ್ ಟೇಪ್ ಸಾಕು. ಮುಂಜಾನೆ ಸಂಡಾಸ್‌ಗೆ ಹೋಗಿ ಬಂದು, ಚಾ ಕುಡಿಯುವ ಮೊದಲು ಅಂಗಿ ಎತ್ತಿ ನೆಟ್ಟಗೆ ನಿಲ್ಲಬೇಕು. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಎಲುಬಿನ ತುದಿಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಬೇಕು. ಹೊಟ್ಟೆ ಒಳಗೆ ಎಳಕೊಂಡರೆ ಮೋಸ ನಮಗೇ. ಗಂಡಸರಿಗೆ 90 ಸೆಂ.ಮೀ. (ಸುಮಾರು ಮೂವತ್ತೈದೂವರೆ ಇಂಚು), ಹೆಂಗಸರಿಗೆ 80 ಸೆಂ.ಮೀ. (ಮೂವತ್ತೊಂದೂವರೆ ಇಂಚು) ದಾಟಬಾರದು. ಪ್ಯಾಂಟಿನ ಸೈಜ್ ನಂಬುವಂತಿಲ್ಲ, ಅದನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕುವವರೇ ಹೆಚ್ಚು. ಉಡದಾರ ಬಿಗಿಯಾಗಿದ್ದು ಬೇಗ ಗೊತ್ತಾಗುತ್ತದೆ, ಆದರೆ ಅದೂ ಜಾರುತ್ತದೆ.

ಟೇಪ್ ಇಲ್ಲವೇ? ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ ಎರಡು ಮಡಿಕೆ ಮಾಡಿ. ಅದು ಹೊಟ್ಟೆ ಸುತ್ತ ಕೂಡದಿದ್ದರೆ ಬೊಜ್ಜು ಬಂದಿದೆ ಎಂದೇ ಲೆಕ್ಕ.

ಕೊಬ್ಬಿನ ಶೇಕಡಾವಾರು ತೋರಿಸುವ ಡಿಜಿಟಲ್ ತೂಕದ ಯಂತ್ರಗಳೂ ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವು ಅಂಗಾಲಿನಿಂದ ಸಣ್ಣ ಕರೆಂಟ್ ಹರಿಸುತ್ತವೆ. ನೀರಿರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹರಿದರೆ ಕೊಬ್ಬು ತಡೆಯುತ್ತದೆ, ಆ ತಡೆಯ ಮೇಲೆ ಯಂತ್ರ ಅಂದಾಜು ಹಾಕುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೆವತು ಬಂದು ನಿಂತರೆ ಅಂಕಿ ಬೇರೆ, ಎರಡು ಚೊಂಬು ನೀರು ಕುಡಿದರೆ ಬೇರೆ. ಹಾಗಾಗಿ ಒಂದು ದಿನದ ಅಂಕಿಗೆ ಬೆಲೆಯಿಲ್ಲ. ವಾರಕ್ಕೊಮ್ಮೆ ಅದೇ ಹೊತ್ತಿಗೆ ನೋಡಿ ಬರೆದಿಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದೀತು. ಪೇಸ್‌ಮೇಕರ್ ಇದ್ದವರು ಅದನ್ನು ಹತ್ತಲೇಬಾರದು, ಗರ್ಭಿಣಿಯರಿಗೂ ಬೇಡ.

ಟೇಪ್ ಅಳತೆ ತಿಂಗಳಿಗೊಮ್ಮೆ ಸಾಕು. ಅಂಗಡಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಒಂದು ಸೆಂ.ಮೀ. ಹೆಚ್ಚುಕಡಿಮೆ ಕೈತಪ್ಪಿನಿಂದಲೂ ಬರುತ್ತದೆ, ಮೂರು ತಿಂಗಳು ಸತತ ಏರಿದರೆ ಮಾತ್ರ ಸುಮ್ಮನಿರಬೇಡಿ.

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತುಂಬಿಸಲು ತರುವ ಫಾರ್ಮಿನಲ್ಲೂ ಸೊಂಟದ ಅಳತೆ ಕೇಳುತ್ತಾರೆ. ‘ಅದ್ಯಾಕ ಬೇಕವ್ವಾ’ ಅಂತ ಕಳಿಸಬೇಡಿ. ಅಳತೆ ಮಿತಿ ದಾಟಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ವಿಭಾಗದಲ್ಲಿ ಬಿಪಿ, ಶುಗರ್ ತಪಾಸಣೆ ಮಾಡಿಸಬಹುದು.