ಸೆಲ್ಫ್ ಜಗ್ಗದ ಪಿಕಪ್: ತಾಜಸುಲ್ತಾನಪುರದ ಒಂದು ಗ್ಯಾರೇಜಿನಲ್ಲಿ

ಕಲಬುರಗಿ ಪೇಟೆ ತೆಳುವಾಗುತ್ತ ಬಂದು ತಾಜಸುಲ್ತಾನಪುರ ಹತ್ತಿರವಾಗುವ ಕಡೆ, ರಸ್ತೆಯಿಂದ ತುಸು ಒಳಗೆ, ಈ ಗ್ಯಾರೇಜು ಇದೆ. ತಗಡಿನ ಶೆಡ್ಡು, ಮುಂದೆ ಶಹಾಬಾದ್ ಕಲ್ಲು ಹಾಸಿದ ಅಂಗಳ, ಬಲಕ್ಕೆ ಬೇವಿನ ಮರ. ಫಲಕ ಇಲ್ಲ. ಮರದ ಕೆಳಗೆ ಸಾಲಾಗಿ ನಿಂತ ಪಿಕಪ್‌ಗಳೇ ಇದರ ಗುರುತು. ಕಮಲಾಪುರದ ಕಡೆಯಿಂದ ಕೆಂಪು ಬಾಳೆ, ಸುತ್ತಲ ಹಳ್ಳಿಗಳಿಂದ ತರಕಾರಿ, ಸುಗ್ಗಿಯಲ್ಲಿ ತೊಗರಿ ಚೀಲ ಹೊತ್ತು ತರುವ ಗಾಡಿಗಳು ಇವು. ಬೆಳಗಿನ ಜಾವ ಇವು ಶುರುವಾಗದಿದ್ದರೆ ಆ ದಿನದ ಮಾಲು ಮಾರುಕಟ್ಟೆಗೆ ತಡವಾಗಿ ಮುಟ್ಟುತ್ತದೆ, ದರ ಬಿದ್ದಿರುತ್ತದೆ. ಹಾಗಾಗಿ ‘ಸೆಲ್ಫ್ ಜಗ್ಗವಲ್ದ್ರಿ’, ಅಂದರೆ ಎಂಜಿನ್ ಶುರು ಮಾಡುವ ಸ್ಟಾರ್ಟರ್ ಮೋಟರ್ ಎಳೆಯುತ್ತಿಲ್ಲ, ಎಂಬ ದೂರು ಇಲ್ಲಿ ಸಣ್ಣದಲ್ಲ.

ಆ ದೂರು ಹೊತ್ತು ಬಂದ ಒಂದು ಡೀಸೆಲ್ ಪಿಕಪ್ಪಿನ ಜತೆ ನಾನು ಅಂಗಳದಿಂದ ಶೆಡ್ಡಿನ ಹಿಂಬದಿಯವರೆಗೂ ನಡೆದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಕೆಲಸ ಅಂಗಳದಲ್ಲೇ. ಮಿಸ್ತ್ರಿ ಬಾನೆಟ್ ಎತ್ತಲಿಲ್ಲ, ಪಾನಾ ಹಿಡಿಯಲಿಲ್ಲ. ಚಾಲಕನಿಗೆ ಚಾವಿ ತಿರುಗಿಸಲು ಹೇಳಿ, ಎಂಜಿನ್ ಪಕ್ಕ ತಲೆ ಬಗ್ಗಿಸಿ ಕಿವಿಗೊಟ್ಟು ನಿಂತರು. ಎಂಜಿನ್ ಭಾರವಾಗಿ, ತಡೆತಡೆದು ಉರುಳಿತು. ಅಷ್ಟು ಕೇಳಿದ್ದೇ ಅವರು ಒಂದು ದಾರಿಯನ್ನು ಕೈಬಿಟ್ಟರು. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಹೀಟರ್ ಪ್ಲಗ್ ಸುಟ್ಟಿರಬಹುದು. ತಿರುಗುವುದೇ ನಿಧಾನವಾದರೆ ಹುಡುಕಬೇಕಾದ್ದು ಬ್ಯಾಟರಿ, ತಂತಿ, ಸೆಲ್ಫ್ ಮೋಟರ್. ಮರದ ಕೆಳಗಿನ ಇನ್ನೊಂದು ಗಾಡಿಗೆ ಮೊದಲ ಬಗೆಯ ಕಾಯಿಲೆ. ಹುಡುಗನೊಬ್ಬ ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಒತ್ತಿ ಗಾಳಿಗುಳ್ಳೆ ಹೊರಡಿಸುತ್ತಿದ್ದ. ದೂರು ಹೇಳುವವರು ಎರಡನ್ನೂ ‘ಶುರು ಆಗವಲ್ದು’ ಎಂದೇ ಹೇಳುತ್ತಾರೆ. ಕಿವಿ ಮಾತ್ರ ಬೇರೆ ಮಾಡುತ್ತದೆ.

ಡೀಸೆಲ್ ಎಂಜಿನ್ನಿಗೆ ವೇಗ ಯಾಕೆ ಬೇಕು? ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ನಿಧಾನವಾಗಿ ಒತ್ತಿದರೆ ಆ ಕಾವು ಸಿಲಿಂಡರ್ ಗೋಡೆಗೆ ಇಳಿದುಹೋಗುತ್ತದೆ, ಗಾಳಿ ಪಿಸ್ಟನ್ ರಿಂಗ್ ಸಂದಿನಿಂದ ಜಾರುತ್ತದೆ. ಸೆಲ್ಫ್ ಅರ್ಧ ಶಕ್ತಿಯಲ್ಲಿ ತಿರುಗಿದರೆ ಎಂಜಿನ್ ಅರ್ಧ ಶುರುವಾಗುವುದಿಲ್ಲ, ಶುರುವೇ ಆಗುವುದಿಲ್ಲ.

ಇನ್ನು ಪ್ರಶ್ನೆಗಳು. ಯಾವಾಗಿನಿಂದ? ಬೆಳಿಗ್ಗೆ ಮಾತ್ರವೋ, ಬಿಸಿ ಎಂಜಿನ್ನಲ್ಲೂ ಹೀಗೆಯೋ? ಇತ್ತೀಚೆಗೆ ಗಾಡಿಗೆ ಏನು ಕೆಲಸ ಆಗಿದೆ? ಚಾಲಕ ಹೇಳಿದ: ಬ್ಯಾಟರಿ ಹೊಸದೇ ಹಾಕಿಸಿದ್ದೇನೆ. ಒಂದಷ್ಟು ದಿನ ಚೆನ್ನಾಗಿತ್ತು, ಮತ್ತೆ ಅದೇ ಹಾಡು. ಅದಕ್ಕೂ ಮುಂಚೆ ಹಿಂದಿನ ಮಾಲಿನ ತೊಟ್ಟಿಗೆ ತಗಡು ಬೆಸೆಸಿ, ಚಾಸಿಗೂ ಸೇರಿ ಬಣ್ಣ ಹೊಡೆಸಿದ್ದ. ಬಣ್ಣದ ಮಾತು ಬಂದಾಗ ಮಿಸ್ತ್ರಿ ಒಮ್ಮೆ ಗಾಡಿಯ ಕೆಳಗೆ ನೋಡಿದರು, ಆದರೆ ಅಲ್ಲಿಗೆ ನೇರ ಹೋಗಲಿಲ್ಲ. ಕ್ರಮ ಬಿಡಬಾರದೆಂಬ ಹಟ ಅವರಲ್ಲಿತ್ತು. ನನಗೆ ಹಿಡಿಸಿದ್ದು ಅದೇ.

ಹೆಡ್‌ಲೈಟ್ ಹಾಕಿಸಿ ಮತ್ತೆ ಸೆಲ್ಫ್ ಹೊಡೆಸಿದರು. ಬೆಳಕು ತುಸು ಕುಗ್ಗಿತು, ಆರಲಿಲ್ಲ. ಪೂರ್ತಿ ಮಂಕಾಗಿದ್ದರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಸಡಿಲವಿದೆ. ಬೆಳಕು ಹೀಗೆ ನಿಂತು ಎಂಜಿನ್ ಮಾತ್ರ ತೆವಳಿದರೆ ಶಕ್ತಿ ಬ್ಯಾಟರಿಯಿಂದ ಆಚೆ ಎಲ್ಲೋ ಸೋರುತ್ತಿದೆ. ಇದಕ್ಕೆ ಮೀಟರೂ ಬೇಡ, ರಾತ್ರಿ ದಾರಿಯಲ್ಲಿ ನಿಂತವರೂ ಮಾಡಿ ನೋಡಬಹುದು.

ಅಲ್ಲಿಂದ ಗಾಡಿಯನ್ನು ಧಕ್ಕಾ ಕೊಟ್ಟು ಶೆಡ್ಡಿನೊಳಗೆ ತಂದರು. ಬಾಗಿಲ ಪಕ್ಕದ ಕಟ್ಟೆ ಬ್ಯಾಟರಿಗಳದ್ದು. ಸಾಲಾಗಿ ಚಾರ್ಜಿಗೆ ಇಟ್ಟ ಪೆಟ್ಟಿಗೆಗಳು, ಡಿಸ್ಟಿಲ್ಡ್ ವಾಟರಿನ ಡಬ್ಬಿ, ಆ್ಯಸಿಡ್ ಅಳೆಯುವ ಗಾಜಿನ ಹೈಡ್ರೋಮೀಟರ್. ಆ್ಯಸಿಡ್ಡಿನ ಹುಳಿ ಘಾಟು ಮೂಗಿಗೆ ಹತ್ತುತ್ತದೆ. ಚಾರ್ಜಾಗುವ ಬ್ಯಾಟರಿ ಜಲಜನಕ ಬಿಡುವುದರಿಂದ ಇಲ್ಲಿ ಬೀಡಿ ಹಚ್ಚುವಂತಿಲ್ಲ. ಒಂದು ಹಳೆಯ ಬ್ಯಾಟರಿಯ ಆರೂ ಕೋಣೆಗಳಲ್ಲಿ ಹುಡುಗ ಹೈಡ್ರೋಮೀಟರ್ ಇಳಿಸಿ ತೋರಿಸಿದ. ಐದರಲ್ಲಿ ತೇಲು ಮೇಲೆ ನಿಂತಿತು, ಒಂದರಲ್ಲಿ ಮುಳುಗಿತು. ಒಂದು ಕೋಣೆ ಸತ್ತರೆ ಇಡೀ ಬ್ಯಾಟರಿ ಹೋದಂತೆ.

ಬ್ಯಾಟರಿ ಚಳಿಗೆ ಸೋಲುತ್ತದೆ ಎಂಬ ಮಾತು ಉತ್ತರದ ಹಿಮದೇಶಗಳಿಂದ ಬಂದದ್ದು. ಅಲ್ಲಿ ಅದು ನಿಜವೇ. ನಮ್ಮ ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಇನ್ನೂ ಹೆಚ್ಚು. ಕಾವು ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಒಂದು ಸಾಮಾನ್ಯ ಲೆಕ್ಕ. ನೀರು ಆರುತ್ತದೆ, ಪ್ಲೇಟು ಒಣಗುತ್ತದೆ. ಬೇಸಿಗೆ ಕೊಟ್ಟ ಪೆಟ್ಟು ಮುಂದೆ ಯಾವುದೋ ತಣ್ಣನೆ ಬೆಳಗಿನಲ್ಲಿ ಹೊರಬೀಳುತ್ತದೆ, ದೂರು ಚಳಿಯ ಮೇಲೆ ಹೋಗುತ್ತದೆ. ಮಾಲು ತುಂಬುವಾಗ ಎಂಜಿನ್ ಬಂದ್ ಮಾಡಿ ದೀಪ, ಹಾಡು ಹಚ್ಚಿಟ್ಟು, ಆಮೇಲೆ ಎರಡು ಮೂರು ಕಿಲೋಮೀಟರ್ ಓಡಿಸಿ ಮತ್ತೆ ನಿಲ್ಲಿಸುವ ಗಾಡಿಗಳಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಮಿಸ್ತ್ರಿ ಈ ಗಾಡಿಯ ಬ್ಯಾಟರಿಗೆ ಮೀಟರ್ ಹಚ್ಚಿದರು. ಸುಮ್ಮನಿದ್ದಾಗ 12.5 ವೋಲ್ಟ್. ಪೂರ್ತಿ ತುಂಬಿದ್ದು 12.6ರ ಆಸುಪಾಸು ಇರುತ್ತದೆ, 12.2 ಅಂದರೆ ಅರ್ಧ, 12ಕ್ಕೆ ಇಳಿದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆದಾಗ 10.6. ಒಳ್ಳೆಯ ಬ್ಯಾಟರಿ ಆ ಗಳಿಗೆಯಲ್ಲೂ 9.6ಕ್ಕಿಂತ ಕೆಳಗೆ ಹೋಗಬಾರದು. ಅಂದರೆ ಹೊಸ ಬ್ಯಾಟರಿ ಚೆನ್ನಾಗಿಯೇ ಇದೆ. ಚಾಲಕನ ಮುಖ ನೋಡಿದೆ. ಬ್ಯಾಟರಿಗೆ ಹಾಕಿದ ದುಡ್ಡು ಬೇಕಾಗಿರಲಿಲ್ಲ ಎಂಬುದು ಅವನಿಗೆ ಅಲ್ಲೇ ಹೊಳೆದಂತಿತ್ತು.

ಮುಂದಿನ ಪರೀಕ್ಷೆ ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಪ್ಲಸ್ ಬೋಲ್ಟಿಗೆ. ನಡುವೆ ಒಂದೇ ದಪ್ಪ ತಂತಿ. ಸುಮ್ಮನಿದ್ದಾಗ ಮೀಟರ್ ಸೊನ್ನೆ. ಸೆಲ್ಫ್ ಹೊಡೆದಾಗ 0.3. ಇದು ಆ ತಂತಿಯ ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ನಂತರ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆದಾಗ ಅಂಕಿ ಎದ್ದು 1.6ಕ್ಕೆ ನಿಂತಿತು. ‘ಇಲ್ಲೇ ಅದ ನೋಡ್ರಿ’ ಎಂದರು ಮಿಸ್ತ್ರಿ.

10.6ರಲ್ಲಿ 0.3 ಅಲ್ಲಿ, 1.6 ಇಲ್ಲಿ ಹೋದರೆ ಸೆಲ್ಫಿಗೆ ಸಿಗುವುದು 8.7. ಡೀಸೆಲ್ ಪಿಕಪ್ಪಿನ ಸೆಲ್ಫ್ ಎಳೆಯುವ ಕರೆಂಟು ಇನ್ನೂರು ಆಂಪಿಯರ್ ಎಂದು ಹಿಡಿದರೆ, 1.6 ವೋಲ್ಟ್ ನುಂಗುವ ತಡೆ ಓಮಿನ ಸಾವಿರದಲ್ಲಿ ಎಂಟು ಭಾಗ. ಸಾಮಾನ್ಯ ಮೀಟರನ್ನು ಓಮಿಗೆ ತಿರುಗಿಸಿ ಅಳೆದರೆ ಇದು ಕಾಣುವುದೇ ಇಲ್ಲ. ಪರೀಕ್ಷೆಯ ಬಲ್ಬು ಹಚ್ಚಿದರೂ ಪೂರ್ತಿ ಬೆಳಗುತ್ತದೆ, ಬಲ್ಬಿಗೆ ಬೇಕಾದ್ದು ಬರೀ ಒಂದೆರಡು ಆಂಪಿಯರ್. ‘ತಂತಿ ಬರಾಬರ್ ಅದ’ ಎಂದು ಚಾಲಕನಿಗೆ ಮೊದಲು ಬೇರೆ ಗ್ಯಾರೇಜಿನಲ್ಲಿ ಹೇಳಿ ಕಳಿಸಿದ್ದು ಸುಳ್ಳೇನಲ್ಲ, ಕೇಳಿದ ಪ್ರಶ್ನೆ ಸಣ್ಣದಾಗಿತ್ತು. ಸಣ್ಣ ಹಳ್ಳದಂತಿರುವ ಕರೆಂಟಿಗೆ ಸಾಲುವ ದಾರಿ ನೆರೆಗೆ ಸಾಲುವುದಿಲ್ಲ. ಹೊರೆ ಬಿದ್ದಾಗಲೇ ಅಳೆಯಬೇಕು.

ಖಚಿತಪಡಿಸಿಕೊಳ್ಳಲು ಅವರು ಒಂದು ದಪ್ಪ ಜಂಪರ್ ತಂತಿ ತಂದು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿಗೆ ಕಚ್ಚಿಸಿದರು. ಈ ಸಲ ಎಂಜಿನ್ ಗರ್ರನೆ ತಿರುಗಿ ಹತ್ತಿಕೊಂಡಿತು. ಏನೂ ಬಿಚ್ಚಿಲ್ಲ, ಏನೂ ಬದಲಿಸಿಲ್ಲ. ನನಗೆ ಆ ಕ್ಷಣ ನಿಜಕ್ಕೂ ಸಂತೋಷವಾಯಿತು.

ಗಾಡಿ ಈಗ, ಅಡಿಯಿಂದ ನೋಡಲೆಂದು ನೆಲದಲ್ಲಿ ತೋಡಿದ ಗುಂಡಿಯ ಮೇಲೆ. ಕೆಳಗಿಳಿದು ಟಾರ್ಚ್ ಬಿಟ್ಟು ನೋಡಿದೆ. ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ, ಇವರ ಮಾತಿನಲ್ಲಿ ಅರ್ಥಿಂಗ್ ಪಟ್ಟಿ. ಅದನ್ನು ಎರೆಮಣ್ಣಿನ ಕೆಸರು ಒಣಗಿ ಕಲ್ಲಾಗಿ ಮುಚ್ಚಿತ್ತು. ಕೆರೆದಾಗ ಚಾಸಿಯ ಬೋಲ್ಟಿನ ಕೆಳಗೆ ಹೊಸ ಬಣ್ಣದ ಪದರ. ಬಣ್ಣ ಬಳಿದವರು ಪಟ್ಟಿ ಬಿಚ್ಚಿ, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದರು. ಕರೆಂಟು ಬೋಲ್ಟಿನ ಹಲ್ಲುಗಳಿಂದ ಮಾತ್ರ ಹೇಗೋ ದಾಟುತ್ತಿತ್ತು. ಇಂಥ ಗಾಡಿಗಳಲ್ಲಿ ಅದು ಬೇರೆ ದಾರಿಯನ್ನೂ ಹುಡುಕುತ್ತದೆ. ಆಕ್ಸಲರೇಟರ್ ಕೇಬಲ್ಲಿನ ಉಕ್ಕಿನ ಎಳೆಯ ಮೂಲಕ ಹರಿದು ಅದನ್ನು ಸುಟ್ಟ ಗಾಡಿಗಳೂ ಉಂಟು.

ಹಾಗಾದರೆ ಹೊಸ ಬ್ಯಾಟರಿ ಹಾಕಿದಾಗ ಒಂದಷ್ಟು ದಿನ ಸರಿಯಿದ್ದದ್ದು ಹೇಗೆ? ಪೂರ್ತಿ ತುಂಬಿದ ಬ್ಯಾಟರಿ ತುಸು ಹೆಚ್ಚು ಒತ್ತಡ ಕೊಟ್ಟು ಆ ತಡೆಯನ್ನು ದಾಟಿರಬೇಕು, ಆಮೇಲೆ ಬೋಲ್ಟಿಗೆ ತುಕ್ಕೂ ಹಿಡಿದಿರಬೇಕು ಎಂದರು ಮಿಸ್ತ್ರಿ. ಇರಬಹುದು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಬೇರೆ ವಿವರಣೆಯೂ ತೋಚಲಿಲ್ಲ.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿದರು. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಚಾಸಿಗೆ ತಗುಲಿದರೆ ಬೆಂಕಿಯೇ. ಸೇರಿಸುವಾಗ ಮೈನಸ್ ಕೊನೆಗೆ. ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ, ಲೋಹ ಹೊಳೆದ ಮೇಲೆ ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಬಳಿದರು. ಮತ್ತೆ ಅಳೆದಾಗ 1.6 ಇದ್ದದ್ದು 0.2. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.2 ವೋಲ್ಟ್, ಅಂದರೆ ಡೈನಮೋ ಕೂಡ ಸರಿ.

ಶೆಡ್ಡಿನ ಹಿಂಬದಿಗೆ ನಾನಾಗಿಯೇ ಹೋದೆ. ಅಲ್ಲಿ ಬಿಚ್ಚಿಟ್ಟ ಸೆಲ್ಫ್ ಮೋಟರುಗಳ ಮೇಜು ಇದೆ. ಸವೆದು ಗಿಡ್ಡಾದ ಕಾರ್ಬನ್ ಬ್ರಷ್‌ಗಳು, ಬಾಯಿ ಅಗಲವಾದ ಹಿತ್ತಾಳೆ ಬುಷ್‌ಗಳು. ಬುಷ್ ಸವೆದರೆ ಆರ್ಮೇಚರ್ ಓಲಾಡಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತದೆ. ಒಂದರ ಮೈಮೇಲೆ ಆ ಉಜ್ಜಿದ ಗೀರು ಹೊಳೆಯುತ್ತಿತ್ತು. ಅಂಥ ಮೋಟರ್ ಕರೆಂಟು ಹೆಚ್ಚು ಎಳೆದು ಕಡಿಮೆ ತಿರುಗುತ್ತದೆ. ಈ ಮೇಜಿಗೆ ಬರಬೇಕಾದ ಗಾಡಿಗಳು ಇವೆ, ಆದರೆ ಸರದಿಯಲ್ಲಿ ಕೊನೆಗೆ. ಗೋಡೆಯ ಮೊಳೆಗೆ ಹಳೆಯ ಲಾರಿಯ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಒಂದು ನೇತಾಡುತ್ತಿದೆ. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿದ್ದ ಕಾಲದ್ದು. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1912ರ ಮಾದರಿಯಿಂದ ವಿದ್ಯುತ್ ಸೆಲ್ಫ್ ಬಂತು. ಅದನ್ನು ರೂಪಿಸಿದವರು ಚಾರ್ಲ್ಸ್ ಕೆಟರಿಂಗ್.

ಕೊನೆಯ ಮೂಲೆಯಲ್ಲಿ ಸತ್ತ ಬ್ಯಾಟರಿಗಳ ರಾಶಿ. ಪಕ್ಕದಲ್ಲಿ ಹುಡುಗ ಬಿಸಿನೀರಿಗೆ ಸೋಡಾ ಹಾಕಿ ಟರ್ಮಿನಲ್ಲಿನ ಬಿಳಿ ಹಸಿರು ಬೂಷ್ಟು ತೊಳೆಯುತ್ತಿದ್ದ, ಬರಿಗೈಯಲ್ಲಿ. ಕೈಗವಸು ಕೊಡಿಸಬೇಕೆಂದು ಮಿಸ್ತ್ರಿಗೆ ಹೇಳಿ ಬಂದೆ. ಬ್ಯಾಟರಿಯ ಸೀಸ ಮೈಗೆ ಸೇರಿದರೆ ಸುಲಭಕ್ಕೆ ಹೋಗುವುದಿಲ್ಲ. ಹಳೆಯ ಬ್ಯಾಟರಿಗಳು ಸಂಗ್ರಹ, ದುರಸ್ತಿ ಇಲ್ಲವೇ ಮರುಬಳಕೆ ಮಾಡುವ ಸಂಸ್ಥೆಗೇ ಸೇರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಈ ರಾಶಿ ಎಲ್ಲಿಗೆ ಹೋಗುತ್ತದೆಂದು ಕೇಳಿದಾಗ ‘ಗುಜರಿಯವ್ರು ಒಯ್ತಾರ್ರಿ’ ಎಂಬಷ್ಟೇ ಉತ್ತರ ಸಿಕ್ಕಿತು.

ನಿಮ್ಮ ಗಾಡಿಯ ಸೆಲ್ಫ್ ನಿಧಾನವಾದರೆ ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮುನ್ನ ಎರಡೂ ಟರ್ಮಿನಲ್ ಮತ್ತು ಎಂಜಿನ್ನಿನ ಅರ್ಥಿಂಗ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿಸಿ ನೋಡಿ. ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರ್ ಹಚ್ಚುವಂತೆ ಮಿಸ್ತ್ರಿಗೆ ಹೇಳಿ. ಚಾಸಿಗೆ ಬಣ್ಣ ಹೊಡೆಸಿದ್ದರೆ ಅದನ್ನು ಮರೆಯದೆ ತಿಳಿಸಿ.