ಫಿಟ್ಸ್ ಬಂದ್ರೆ ಕೀಲಿಕೈ ಹುಡುಕಬ್ಯಾಡ್ರಿ, ಗಡಿಯಾರ ನೋಡ್ರಿ

ಕಲಬುರಗಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಊರು ಯಾವುದೇ ಇರಲಿ, ಅಂಗಡಿ ಮುಂದೆ ಯಾರಿಗಾದ್ರೂ ಫಿಟ್ಸ್ ಬಂದ್ರೆ ಮಂದಿ ಕೈಗೆ ಕೀಲಿಕೈ ಕೊಡ್ತಾರೆ, ಉಳ್ಳಾಗಡ್ಡಿ ಮೂಸಿಸ್ತಾರೆ. ಇದರಿಂದ ಫಿಟ್ಸ್ ನಿಲ್ಲಲ್ಲ. ಸಾಮಾನ್ಯವಾಗಿ 2–3 ನಿಮಿಷದಲ್ಲಿ ಅದು ತಾನಾಗಿಯೇ ನಿಲ್ಲುತ್ತೆ. ಹೆಸರು ಮಾತ್ರ ಕೀಲಿಕೈಗೆ ಬರುತ್ತೆ!

ಮಾಡಬೇಕಾದ್ದು ಇಷ್ಟೇ: ಶುರುವಾದ ಟೈಮ್ ನೋಡಿ. ಸುತ್ತಲಿನ ಕಲ್ಲು, ಕುರ್ಚಿ ಸರಿಸಿ. ತಲೆ ಕೆಳಗೆ ಟವೆಲ್ ಇಟ್ಟು, ಮಗ್ಗುಲಿಗೆ ಹೊರಳಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ನೀರು, ಗುಳಿಗೆ ಏನೂ ಹಾಕಬೇಡಿ.

ಮಕ್ಕಳು: 6 ತಿಂಗಳಿಂದ 5 ವರ್ಷದವರಿಗೆ ಜ್ವರದಲ್ಲಿ ಫಿಟ್ಸ್ ಬರಬಹುದು. ಹೆಚ್ಚಿನವರಿಗೆ ಇದು ಮುಂದೆ ಮೂರ್ಛೆರೋಗ ಆಗಲ್ಲ. ಆದ್ರೂ ಮೊದಲ ಸಲ ಬಂದ್ರೆ ಕೂಡಲೇ ಆಸ್ಪತ್ರೆಗೆ ತೋರಿಸಿ. ಕುತ್ತಿಗೆ ಬಿಗಿತ, ಮಂಪರು ಇದ್ರೆ ಮೆದುಳು ಜ್ವರ ಇರಬಹುದು.

ಹಿರಿಯರು: ಇವರಿಗೆ ಮೈ ನಡುಗಲೇಬೇಕು ಅಂತಿಲ್ಲ. ಮಾತಾಡ್ತಾ ಸುಮ್ಮನಾಗಿ ದಿಟ್ಟಿಸೋದು, ತುಟಿ ಚಪ್ಪರಿಸೋದು, ಆಮೇಲೆ ಗೊಂದಲ, ಇದೂ ಫಿಟ್ಸ್ ಆಗಿರಬಹುದು. ‘ವಯಸ್ಸಾಯ್ತು’ ಅಂತ ಬಿಡಬೇಡಿ. ಲಕ್ವಾ, ಶುಗರ್ ಇಳಿಯೋದು, ಸೋಡಿಯಂ ಕಡಿಮೆಯಾಗೋದು ಕಾರಣ ಇರಬಹುದು. ಮುಖ ವಾರೆಯಾಗಿ, ಕೈ ಸೋತರೆ ಒಂದು ನಿಮಿಷವೂ ಕಾಯಬೇಡಿ.

5 ನಿಮಿಷ ದಾಟಿದ್ರೆ, ಮತ್ತೆ ಮತ್ತೆ ಬಂದ್ರೆ, ಪ್ರಜ್ಞೆ ಬರದಿದ್ರೆ, ಪೆಟ್ಟಾಗಿದ್ರೆ, ಮೊದಲ ಸಲವಾದ್ರೆ 108ಕ್ಕೆ ಕರೆ ಮಾಡಿ. ಚಿಂಚೋಳಿ ಕಡೆಯ ದೂರದ ತಾಂಡಾದವರು 5 ನಿಮಿಷ ಕಾಯದೆ ಮೊದಲೇ ಕರೆಯಿರಿ, ಗಾಡಿ ಬರೋಕೆ ಹೊತ್ತು ಬೇಕು.

ಗುಳಿಗೆ ನುಂಗ್ತಿರೋರು ‘ಆರಾಮಾಯ್ತು’ ಅಂತ ತಾವೇ ನಿಲ್ಲಿಸಬಾರದು. ನಿಲ್ಲಿಸಿದ್ರೆ ಫಿಟ್ಸ್ ಜೋರಾಗಿ ಮರಳಬಹುದು.